ಕ್ಯಾಮೆರಾ ಬಸ್‌ಗೂ ಮೆಮೊರಿ ಬಸ್‌ಗೂ ನಡುವೆ ಫಿಫೋ: ಆಳ ನಾಲ್ಕು ಪಟ್ಟು ಮಾಡಿದರೂ ಚಿತ್ರ ಹರಿದು ತುಂಡಾಗುತ್ತಿದೆ

ಪಿಕ್ಸೆಲ್ ಪಯಣಿಗ

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಹೊಸಬ. ಒಂದು ಕ್ಯಾಮೆರಾ ಬೋರ್ಡಿನ ತಲೆನೋವನ್ನು ಹೊತ್ತು ಬಂದಿದ್ದೇನೆ.

ಸಂವೇದಕದಿಂದ 1280×720 ಗಾತ್ರದ ಚಿತ್ರ, ಸೆಕೆಂಡಿಗೆ 60 ಫ್ರೇಮ್, 74.25 ಮೆಗಾಹರ್ಟ್ಸ್ ಕ್ಲಾಕ್‌ನೊಂದಿಗೆ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಜೋಡಿಸಿಕೊಳ್ಳುವ ಚಿಪ್) ಒಳಗೆ ಬರುತ್ತದೆ. ಮೆಮೊರಿಯ ಕಡೆಗೆ ಹೋಗುವ ಬಸ್ ಓಡುವುದು 100 ಮೆಗಾಹರ್ಟ್ಸ್‌ನಲ್ಲಿ. ಎರಡಕ್ಕೂ ಬೇರೆ ಬೇರೆ ಕ್ರಿಸ್ಟಲ್. ನಡುವೆ 256 ಪಿಕ್ಸೆಲ್ ಆಳದ ಫಿಫೋ (ಮೊದಲು ಬಂದದ್ದು ಮೊದಲು ಹೊರಹೋಗುವ ಸರತಿ) ಇದೆ. ಅದರ ವೆರಿಲಾಗ್ (ಹಾರ್ಡ್‌ವೇರ್ ವಿವರಿಸುವ ಭಾಷೆ) ಕೋಡ್ ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ, ಟಿಪ್ಪಣಿ ಒಂದು ಸಾಲೂ ಇಲ್ಲ.

ಓದುವ ಕಡೆಯ ಕ್ರಮ ಹೀಗಿದೆ: ಫಿಫೋದಲ್ಲಿ 80 ಪಿಕ್ಸೆಲ್ ಸೇರಿದವು ಎಂದು ಎಣಿಕೆ ತೋರಿಸಿದ ಕೂಡಲೇ 80 ಪಿಕ್ಸೆಲ್‌ಗಳನ್ನು ಒಂದೇ ಬರ್ಸ್ಟ್‌ನಲ್ಲಿ ಎಳೆದು ಮೆಮೊರಿಗೆ ಹಾಕುತ್ತದೆ. ಬರ್ಸ್ಟ್ ಶುರುವಾದ ಮೇಲೆ ಖಾಲಿಯಾಯಿತೇ ಎಂದು ಮತ್ತೆ ನೋಡುವುದಿಲ್ಲ. ಸಂವೇದಕವನ್ನು ತಡೆದು ನಿಲ್ಲಿಸಲು ಸಾಧ್ಯವಿಲ್ಲದ ಕಾರಣ ‘ತುಂಬಿದೆ’ ಎಂಬ ಸಂಕೇತವನ್ನು ಎಲ್ಲಿಗೂ ಜೋಡಿಸಿಲ್ಲ.

ತೊಂದರೆ ಏನೆಂದರೆ, ಫ್ರೇಮ್‌ನ ಮೇಲ್ಭಾಗ ಸರಿಯಾಗಿರುತ್ತದೆ. ನಡುವೆ ಯಾವುದೋ ಸಾಲಿನಲ್ಲಿ ಚಿತ್ರ ಹರಿದು, ಅಲ್ಲಿಂದ ಕೆಳಗಿನದೆಲ್ಲ ಬಲಕ್ಕೆ ಜಿಗಿಯುತ್ತದೆ. ಮುಂದಿನ ಫ್ರೇಮ್‌ನಲ್ಲಿ ಹರಿಯುವ ಸಾಲು ಬೇರೆ. ಸಿಮ್ಯುಲೇಷನ್‌ನಲ್ಲಿ ಇದು ಬರುವುದೇ ಇಲ್ಲ. ಫಿಫೋ ಸಾಲುತ್ತಿಲ್ಲವೇನೋ ಎಂದು ಆಳವನ್ನು 1024ಕ್ಕೆ ಏರಿಸಿದೆವು. ಹರಿಯುವುದು ನಿಲ್ಲಲಿಲ್ಲ. ಇನ್ನೂ ಆಳ ಬೇಕೇ?

ಕೊನೆಯ ಬೆಂಚು

ನಾನಿನ್ನೂ ವಿದ್ಯಾರ್ಥಿ, ತಪ್ಪಿದ್ದರೆ ತಿದ್ದಿ. ಬರೆಯುವ ವೇಗಕ್ಕಿಂತ ಓದುವ ವೇಗವೇ ಹೆಚ್ಚಿದೆಯಲ್ಲ, ಫಿಫೋ ತುಂಬುವ ಪ್ರಶ್ನೆ ಎಲ್ಲಿಂದ ಬಂತು? 4096 ಹಾಕಿ ನೋಡಬಹುದು ಅಂತ ಅನಿಸುತ್ತದೆ, ಆದರೆ ಏಕೆ ಎಂದು ಹೇಳಲು ಬರುತ್ತಿಲ್ಲ.

ಬೆಸುಗೆ ಕಡ್ಡಿ

ಏಕೆ ಎಂದು ಹೇಳಲು ಬರದಿದ್ದರೆ ಹಾಕಬಾರದು, ಅಷ್ಟೇ.

ಪಯಣಿಗರೇ, ಆಳದ ವಿಷಯ ಸದ್ಯಕ್ಕೆ ಬದಿಗಿಡಿ. ಎರಡು ಸಂಗತಿ ನೋಡಿ ಹೇಳಿ. ಒಂದು, ಹರಿದ ಜಾಗದಿಂದ ಕೆಳಗೆ ಚಿತ್ರ ಎಷ್ಟು ಪಿಕ್ಸೆಲ್ ಸರಿದಿದೆ? ಕಣ್ಣಂದಾಜು ಬೇಡ, ಫ್ರೇಮ್ ಉಳಿಸಿಕೊಂಡು ಎಣಿಸಿ. ಎರಡು, ಹರಿದ ಜಾಗದಲ್ಲಿ ಕಾಣುವ ಪಿಕ್ಸೆಲ್‌ಗಳು ಕಸವೋ ಅಥವಾ ಚಿತ್ರದ್ದೇ ಬೇರೆ ಭಾಗವೋ?

ಪಿಕ್ಸೆಲ್ ಪಯಣಿಗ

ಎಣಿಸಿದೆ ಸರ್. 256 ಆಳ ಇದ್ದಾಗಿನ ಫ್ರೇಮ್‌ಗಳಲ್ಲಿ ಒಂದು ಹರಿತಕ್ಕೆ ಸರಿಯಾಗಿ 512 ಪಿಕ್ಸೆಲ್ ಬಲಕ್ಕೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. 1024 ಆಳದಲ್ಲಿ ಒಂದು ಸಾಲು ಕೆಳಕ್ಕೂ 768 ಪಿಕ್ಸೆಲ್ ಬಲಕ್ಕೂ ಸರಿದಿದೆ.

ಹರಿದ ಜಾಗದಲ್ಲಿ ಇರುವುದು ಕಸವಲ್ಲ. ಅದೇ ಸಾಲಿನಲ್ಲಿ 256 ಪಿಕ್ಸೆಲ್ ಹಿಂದೆ ಇದ್ದ ತುಣುಕೇ ಮತ್ತೊಮ್ಮೆ ಬಂದಿದೆ. ಇನ್ನೊಂದು ವಿಚಿತ್ರ: ಯಾವ ಫ್ರೇಮ್ ತೆಗೆದುಕೊಂಡರೂ ಮೊದಲ ಹರಿತ ಶುರುವಾಗುವುದು 310ನೇ ಕಾಲಮ್‌ನ ಆಸುಪಾಸಿನಲ್ಲಿ, ಇಲ್ಲವೇ 950ರ ಆಸುಪಾಸಿನಲ್ಲಿ. ಸಾಲು ಬದಲಾಗುತ್ತದೆ, ಕಾಲಮ್ ಬದಲಾಗುವುದಿಲ್ಲ.

ಬೆಸುಗೆ ಕಡ್ಡಿ

ಅರ್ಧ ಕೆಲಸ ಮುಗಿಯಿತು.

256 ಪಿಕ್ಸೆಲ್ ಹಿಂದಿನ ತುಣುಕು ಮತ್ತೆ ಬಂದಿದೆ ಎಂದರೆ ಓದುವವನು ಬರೆಯುವವನನ್ನು ದಾಟಿ ಮುಂದೆ ಹೋಗಿದ್ದಾನೆ. ಇನ್ನೂ ಹೊಸ ಪಿಕ್ಸೆಲ್ ಬೀಳದ ಜಾಗವನ್ನು ಓದಿದರೆ ಅಲ್ಲಿ ಸಿಗುವುದು ಹಿಂದಿನ ಸುತ್ತಿನ ಪಿಕ್ಸೆಲ್. ಫಿಫೋದ ಒಂದು ಸುತ್ತು ಎಂದರೆ 256. ಇನ್ನು 512 ಎಲ್ಲಿಂದ? 256 ಆಳಕ್ಕೆ ಪಾಯಿಂಟರ್ (ಮುಂದೆ ಬರೆಯುವ ಇಲ್ಲವೇ ಓದುವ ಜಾಗ ಹೇಳುವ ಎಣಿಕೆ) 9 ಬಿಟ್ ಇಟ್ಟಿರುತ್ತಾರೆ. ಖಾಲಿಯನ್ನೂ ತುಂಬಿದ್ದನ್ನೂ ಬೇರೆ ಮಾಡಲು ಒಂದು ಬಿಟ್ ಹೆಚ್ಚು ಬೇಕು. 9 ಬಿಟ್ 512ಕ್ಕೆ ಸುತ್ತುತ್ತದೆ. ಓದುವವನು ಮೂರು ಪಿಕ್ಸೆಲ್ ಮುಂದೆ ಹೋದ ಎಂದಿಟ್ಟುಕೊಳ್ಳಿ. ಕಳೆದು ನೋಡಿದರೆ ಎಣಿಕೆ ಮೈನಸ್ ಮೂರು ಬರಬೇಕು, 9 ಬಿಟ್‌ನಲ್ಲಿ ಅದು 509 ಆಗುತ್ತದೆ. ‘ಅಬ್ಬಾ, ಇಷ್ಟೊಂದು ಬಾಕಿ ಇದೆ’ ಎಂದುಕೊಂಡು ಅವನು ಎಡೆಬಿಡದೆ ಎಳೆಯುತ್ತಾನೆ. ಬರೆಯುವವನನ್ನು ಪೂರ್ತಿ ಒಂದು ಸುತ್ತು ಹಾಕಿ ಮತ್ತೆ ಹಿಂದೆ ಬಂದು ಸೇರುವವರೆಗೆ ನಿಲ್ಲುವುದಿಲ್ಲ. ಅಷ್ಟರಲ್ಲಿ 512 ಪಿಕ್ಸೆಲ್ ಹೆಚ್ಚುವರಿ ಮೆಮೊರಿಗೆ ಹೋಗಿರುತ್ತದೆ. 1024 ಆಳಕ್ಕೆ ಅದೇ ಲೆಕ್ಕ 2048. 1280 ಕಳೆದರೆ ಉಳಿಯುವುದು 768. ನಿಮ್ಮ ಎಣಿಕೆ ಸರಿಯಾಗಿದೆ.

ಹಾಗಾಗಿ ಇದು ಫಿಫೋ ತುಂಬಿ ಹರಿದದ್ದಲ್ಲ, ಇಲ್ಲದ್ದನ್ನು ಇದೆ ಎಂದು ಓದಿದ್ದು. ಇನ್ನು ಆ ಬರೆಯುವ ಪಾಯಿಂಟರ್ 100 ಮೆಗಾಹರ್ಟ್ಸ್ ಕಡೆಗೆ ಹೇಗೆ ದಾಟುತ್ತಿದೆ ಎಂದು ನೋಡಬೇಕು. ಸಾಮಾನ್ಯ ಬೈನರಿ ಎಣಿಕೆಯನ್ನೇ ಎರಡು ಫ್ಲಿಪ್‌ಫ್ಲಾಪ್ (ಕ್ಲಾಕ್ ಅಂಚಿನಲ್ಲಿ ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಮೂಲಕ ಬಿಟ್ಟಿದ್ದಾರೆಯೇ?

ಪಿಕ್ಸೆಲ್ ಪಯಣಿಗ

ಹೌದು ಸರ್. ಒಂಬತ್ತು ಬಿಟ್‌ಗೂ ಎರಡೆರಡು ಫ್ಲಿಪ್‌ಫ್ಲಾಪ್ ಇವೆ. ಅಷ್ಟು ಮಾಡಿದರೆ ಸಾಕು ಎಂದು ಎಲ್ಲ ಕಡೆ ಬರೆದಿರುತ್ತಾರಲ್ಲ?

ತುಂಗಾತೀರ

ಒಂದು ಬಿಟ್‌ಗೆ ಸಾಕು. ಒಂಬತ್ತು ಬಿಟ್ ಸೇರಿ ಒಂದು ಸಂಖ್ಯೆಯಾಗುವಾಗ ಸಾಲದು.

255ರಿಂದ 256ಕ್ಕೆ ಹೋಗುವುದನ್ನು ಬಿಡಿಸಿ ನೋಡಿ. 011111111 ಇದ್ದದ್ದು 100000000 ಆಗಬೇಕು. ಒಂಬತ್ತೂ ಬಿಟ್ ಒಟ್ಟಿಗೆ ಬದಲಾಗಬೇಕು. ಆದರೆ ಒಂಬತ್ತು ತಂತಿಗಳ ಉದ್ದ ಒಂದೇ ಇರುವುದಿಲ್ಲ. ಯಾವುದೋ ಬಿಟ್ ಇನ್ನೊಂದಕ್ಕಿಂತ ನೂರಿನ್ನೂರು ಪಿಕೋಸೆಕೆಂಡ್ ತಡವಾಗಿ ತಲುಪುತ್ತದೆ. ಆ ಸಂದಿನಲ್ಲೇ 100 ಮೆಗಾಹರ್ಟ್ಸ್ ಕ್ಲಾಕ್‌ನ ಅಂಚು ಬಿದ್ದರೆ ಕೆಲವು ಬಿಟ್ ಹಳೆಯವು, ಕೆಲವು ಹೊಸವು. 511 ಕಾಣಬಹುದು, 0 ಕಾಣಬಹುದು, 384 ಕಾಣಬಹುದು. ಪ್ರತಿಯೊಂದು ಬಿಟ್ ತನ್ನ ಮಟ್ಟಿಗೆ ಸ್ಪಷ್ಟವಾದ ಸೊನ್ನೆಯೋ ಒಂದೋ ಆಗಿರುತ್ತದೆ, ಎರಡು ಫ್ಲಿಪ್‌ಫ್ಲಾಪ್ ತಮ್ಮ ಕೆಲಸ ಸರಿಯಾಗಿಯೇ ಮಾಡಿವೆ. ಸಂಖ್ಯೆ ಮಾತ್ರ ಎಂದೂ ಇರದಿದ್ದ ಸಂಖ್ಯೆ.

ನಿಮ್ಮ ಕಾಲಮ್‌ಗಳ ವಿಚಿತ್ರವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಮೂರು ಬರ್ಸ್ಟ್ ಆದ ಮೇಲೆ ಓದುವ ಪಾಯಿಂಟರ್ 240ರಲ್ಲಿ ಕಾಯುತ್ತಿರುತ್ತದೆ. ಬರೆಯುವ ಪಾಯಿಂಟರ್ 256 ದಾಟುವ ಹೊತ್ತಿಗೆ ನಿಜವಾಗಿ ಇರುವುದು 16 ಪಿಕ್ಸೆಲ್. ಕಲಬೆರಕೆ ಸಂಖ್ಯೆ ಕಂಡು ‘80 ಇವೆ’ ಎಂದು ಬರ್ಸ್ಟ್ ಶುರುವಾಗುತ್ತದೆ. ಓದುವವನು 100 ಓದುವಷ್ಟರಲ್ಲಿ ಬರೆಯುವವನು 74 ಬರೆದಿರುತ್ತಾನೆ. ಆ 16ರ ಅಂತರ ಕರಗಲು ಅರವತ್ತು ಚಿಲ್ಲರೆ ಪಿಕ್ಸೆಲ್ ಸಾಕು. 240ಕ್ಕೆ ಅದನ್ನು ಸೇರಿಸಿ, 310ರ ಹತ್ತಿರ ಬರುತ್ತದೆ. ಅಲ್ಲಿಂದ 640 ಪಿಕ್ಸೆಲ್ ಮುಂದೆ, ಅಂದರೆ 880ರಲ್ಲಿ ಕಾಯುವಾಗ ಇದೇ ಸನ್ನಿವೇಶ ಮತ್ತೆ ಬರುತ್ತದೆ. ಅದೇ ನಿಮ್ಮ 950.

ಕುತೂಹಲಕ್ಕೆ ಕೇಳುತ್ತೇನೆ: ಬರ್ಸ್ಟ್ ಮೊದಲಿನಿಂದಲೂ 80 ಇತ್ತೇ?

ಪಿಕ್ಸೆಲ್ ಪಯಣಿಗ

ಇಲ್ಲ ಮೇಡಂ. ಹಳೆಯ ಬೋರ್ಡ್‌ನಲ್ಲಿ 64 ಇತ್ತು, ಯಾವ ದೂರೂ ಇರಲಿಲ್ಲ. ಹೊಸದರಲ್ಲಿ ಒಂದು ಸಾಲಿಗೆ 16 ಬರ್ಸ್ಟ್ ಸರಿಯಾಗಿ ಬರಲಿ ಎಂದು 80 ಮಾಡಿದ್ದಾರೆ. ನಿಮಗೆ ಹೇಗೆ ಗೊತ್ತಾಯಿತು?

ತುಂಗಾತೀರ

64 ಆಗಿದ್ದರೆ ಈ ದೋಷ ಅಡಗಿಕೊಂಡಿರುತ್ತದೆ, ಅದಕ್ಕೇ ಕೇಳಿದೆ. ಓದುವ ಪಾಯಿಂಟರ್ ಸದಾ 64ರ ಗುಣಕದಲ್ಲಿ ನಿಂತಿರುತ್ತದೆ. ಮುಂದಿನ 64 ತುಂಬುವವರೆಗೆ ಬದಲಾಗುವುದು ಕೆಳಗಿನ ಆರು ಬಿಟ್ ಮಾತ್ರ. ಅವು ಹೇಗೆ ಕಲಬೆರಕೆಯಾದರೂ 63ರ ಮೇಲೆ ಹೋಗುವುದಿಲ್ಲ. ಮೇಲಿನ ಬಿಟ್‌ಗಳು ಕದಲುವ ಹೊತ್ತಿಗೆ 64 ಪಿಕ್ಸೆಲ್ ನಿಜವಾಗಿಯೇ ಸೇರಿರುತ್ತವೆ. ತಪ್ಪು ಓದಿದರೂ ಉತ್ತರ ಸರಿ! ಇಂಥ ವಿನ್ಯಾಸ ಕೆಟ್ಟರೆ ಪುಣ್ಯ. ಕೆಡದೆ ಓಡುತ್ತಿದ್ದರೆ ಅದನ್ನು ಇನ್ನೂ ಹತ್ತು ಕಡೆ ನಕಲು ಮಾಡಿರುತ್ತಾರೆ.

ಮದ್ದು ಗೊತ್ತಿರುವುದೇ, ಗ್ರೇ ಕೋಡ್. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ 1947ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಎಣಿಕೆ ಕ್ರಮ. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಒಂದೇ ಒಂದು ಬಿಟ್ ಬದಲಾಗುತ್ತದೆ. ನಾಲ್ಕು ಬಿಟ್‌ನಲ್ಲಿ 7 ಎಂದರೆ 0100, 8 ಎಂದರೆ 1100. ನಡುವೆ ಸಿಕ್ಕಿಬಿದ್ದರೂ ಕಾಣುವುದು 7 ಇಲ್ಲವೇ 8, ಮೂರನೆಯದಿಲ್ಲ. 7 ಕಂಡರೆ ಓದುವವನು ಒಂದು ಕ್ಷಣ ಹೆಚ್ಚು ಕಾಯುತ್ತಾನೆ, ನಷ್ಟವಿಲ್ಲ. ದಾಟಿದ ಮೇಲೆ ಅದನ್ನು ಮತ್ತೆ ಬೈನರಿಗೆ ತಿರುಗಿಸಿ ಎಣಿಕೆ ಲೆಕ್ಕ ಹಾಕಿ.

ಇಲ್ಲೊಂದು ಕಡೆ ಜನ ಜಾರುತ್ತಾರೆ. ಬೈನರಿಯಿಂದ ಗ್ರೇ ಮಾಡುವ ಎಕ್ಸಾರ್ ಗೇಟ್‌ಗಳ ಹೊರಬದಿಯನ್ನು ನೇರವಾಗಿ ಆಚೆಗೆ ಕಳುಹಿಸಬಾರದು. ಗೇಟ್‌ಗಳು ನೆಲೆಗೊಳ್ಳುವ ಮುನ್ನ ಮಿಣುಕುತ್ತವೆ. ಗ್ರೇ ಮೌಲ್ಯವನ್ನು ಬರೆಯುವ ಕ್ಲಾಕ್‌ನಲ್ಲೇ ಒಂದು ಫ್ಲಿಪ್‌ಫ್ಲಾಪ್‌ನಲ್ಲಿ ಹಿಡಿದು, ಅಲ್ಲಿಂದ ದಾಟಿಸಿ.

ಕೊನೆಯ ಬೆಂಚು

ಗ್ರೇ ಕೋಡ್ ಇದ್ದರೆ ಒಂದೇ ಬಿಟ್ ಬದಲಾಗುತ್ತದೆ. ಹಾಗಾದರೆ ಎರಡು ಫ್ಲಿಪ್‌ಫ್ಲಾಪ್ ಏಕೆ, ಒಂದು ಸಾಲದೇ? ತರಗತಿಯಲ್ಲಿ ‘ಮೆಟಾಸ್ಟೆಬಿಲಿಟಿ ಹೋಗಲಾಡಿಸಲು’ ಎಂದು ಬರೆಸಿ ಮುಂದಿನ ಘಟಕಕ್ಕೆ ಹೋದರು.

ರಾತ್ರಿ ಪಾಳಿ

ಹೋಗಲಾಡಿಸಲು ಆಗುವುದಿಲ್ಲ, ವಿರಳಗೊಳಿಸಬಹುದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಸಿಲೋಸ್ಕೋಪ್ ಚಿತ್ರಗಳನ್ನೇ ಕೊಟ್ಟು ತೋರಿಸಿದರು: ಕ್ಲಾಕ್ ಅಂಚಿನ ತೀರಾ ಹತ್ತಿರ ಬಿಟ್ ಬದಲಾದರೆ ಫ್ಲಿಪ್‌ಫ್ಲಾಪ್ ಸೊನ್ನೆಗೂ ಒಂದಕ್ಕೂ ನಡುವೆ ತೂಗಾಡುತ್ತದೆ, ಎಷ್ಟು ಹೊತ್ತು ಎಂಬುದಕ್ಕೆ ಖಚಿತ ಮಿತಿ ಇಲ್ಲ.

ಉಳಿದದ್ದು ಲೆಕ್ಕ. ಎರಡು ವೈಫಲ್ಯಗಳ ನಡುವಿನ ಸರಾಸರಿ ಕಾಲವು ಇತ್ಯರ್ಥಕ್ಕೆ (ಸೊನ್ನೆಯೋ ಒಂದೋ ಎಂದು ನೆಲೆಗೊಳ್ಳಲು) ಸಿಗುವ ಸಮಯದೊಂದಿಗೆ ಘಾತೀಯವಾಗಿ ಬೆಳೆಯುತ್ತದೆ. ಊಹಿಸಿದ ಅಂಕಿಗಳಲ್ಲೇ ನೋಡೋಣ: ಫ್ಲಿಪ್‌ಫ್ಲಾಪ್‌ನ ಇತ್ಯರ್ಥ ಸ್ಥಿರಾಂಕ 100 ಪಿಕೋಸೆಕೆಂಡ್, ಅಪಾಯದ ಕಿಟಕಿಯೂ 100 ಪಿಕೋಸೆಕೆಂಡ್, ಕ್ಲಾಕ್ 100 ಮೆಗಾಹರ್ಟ್ಸ್, ದತ್ತಾಂಶ ಸೆಕೆಂಡಿಗೆ ಒಂದು ಕೋಟಿ ಸಲ ಬದಲಾಗುತ್ತದೆ. ಒಂದೇ ಫ್ಲಿಪ್‌ಫ್ಲಾಪ್ ಇಟ್ಟು, ಅದರ ಮುಂದೆ ತರ್ಕ ಕೂಡಿಸಿ, ಇತ್ಯರ್ಥಕ್ಕೆ 1 ನ್ಯಾನೋಸೆಕೆಂಡ್ ಉಳಿಸಿದರೆ ಸೆಕೆಂಡಿಗೆ ನಾಲ್ಕೈದು ಸಲ ಕೈಕೊಡುತ್ತದೆ. 3 ನ್ಯಾನೋಸೆಕೆಂಡ್ ಉಳಿಸಿದರೆ ಮೂರೂವರೆ ವರ್ಷಕ್ಕೊಮ್ಮೆ. ಅದು ಚೆನ್ನಾಗಿದೆ ಎನಿಸುತ್ತದೆ, ಅಲ್ಲವೇ? ಅಂಥ 1000 ಬೋರ್ಡ್ ಮಾರಿ ನೋಡಿ, ಹೆಚ್ಚುಕಡಿಮೆ ದಿನಕ್ಕೊಮ್ಮೆ ಎಂಬಂತೆ ಎಲ್ಲೋ ಒಂದು ಕಡೆಯಿಂದ ಫೋನ್ ಬರುತ್ತದೆ. ಎರಡನೆಯ ಫ್ಲಿಪ್‌ಫ್ಲಾಪ್ ಇಟ್ಟು ನಡುವೆ ಯಾವ ತರ್ಕವೂ ಇಲ್ಲದಂತೆ ನೋಡಿಕೊಂಡರೆ ಹೆಚ್ಚುಕಡಿಮೆ 9 ನ್ಯಾನೋಸೆಕೆಂಡ್ ಸಿಗುತ್ತದೆ. ಆಗ ಬರುವ ಕಾಲ ವಿಶ್ವದ ವಯಸ್ಸನ್ನೂ ಮೀರಿದ್ದು. ಕ್ಲಾಕ್ ವೇಗವಾದಷ್ಟೂ ಈ ಸಮಯ ಕುಗ್ಗುತ್ತದೆ, ಆದ್ದರಿಂದಲೇ ವೇಗದ ಚಿಪ್‌ಗಳಲ್ಲಿ ಮೂರನೆಯದನ್ನೂ ಇಡುತ್ತಾರೆ.

ಸಿಮ್ಯುಲೇಷನ್‌ನಲ್ಲಿ ಏಕೆ ಕಾಣಲಿಲ್ಲ ಎಂಬುದೂ ಇದರ ಪಕ್ಕದ್ದೇ. ಆರ್‌ಟಿಎಲ್ (ತಡಗಳನ್ನು ಲೆಕ್ಕಿಸದ ತರ್ಕದ ವಿವರಣೆ) ಮಟ್ಟದಲ್ಲಿ ಒಂಬತ್ತು ಬಿಟ್‌ಗಳೂ ಒಂದೇ ಗಳಿಗೆಯಲ್ಲಿ ಬದಲಾಗುತ್ತವೆ, ತಂತಿಗೆ ಉದ್ದವೇ ಇಲ್ಲ. ನಾವು ಬೆಂಗಳೂರಿನಲ್ಲಿ ರಾತ್ರಿಯಿಡೀ ಮಾಡುವ ಕೆಲಸದ ಒಂದು ಪಾಲು ಇಷ್ಟೇ: ದಾಟುವ ಪ್ರತಿ ಬಿಟ್‌ಗೂ ಬೇಕೆಂದೇ ಒಂದು ಸುತ್ತು ತಡ ಮಾಡಿಯೋ ಮಾಡದೆಯೋ ಮನಬಂದಂತೆ ಕದಲಿಸಿ, ವಿನ್ಯಾಸ ಬೀಳುತ್ತದೆಯೇ ಎಂದು ನೋಡುವುದು. ನಿಮ್ಮ ಫಿಫೋಗೆ ಹಾಗೆ ಮಾಡಿದ್ದರೆ ಕಾಫಿ ಆರುವ ಮುನ್ನ ಬೀಳುತ್ತಿತ್ತು.

ಕೊನೆಯ ಬೆಂಚು

ಇನ್ನೊಂದು ಪ್ರಶ್ನೆ. ಎರಡೂ ಕಡೆ 100 ಮೆಗಾಹರ್ಟ್ಸ್ ಎಂದೇ ಬರೆದಿದ್ದು, ಕ್ರಿಸ್ಟಲ್ ಮಾತ್ರ ಬೇರೆ ಇದ್ದರೆ? ಆಗ ಚಿಕ್ಕ ಫಿಫೋ ಇಟ್ಟು ನೆಮ್ಮದಿಯಿಂದ ಇರಬಹುದಲ್ಲ?

ಬೆಸುಗೆ ಕಡ್ಡಿ

ಎರಡು ಕ್ರಿಸ್ಟಲ್ ಎಂದೂ ಒಂದೇ ಅಲ್ಲ. ಕೆರೆಗೆ ಬರುವ ನೀರು ತೂಬಿನಲ್ಲಿ ಹೋಗುವ ನೀರಿಗಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಏರಿ ಎತ್ತರಿಸಿ ಫಲವಿಲ್ಲ; ಕೋಡಿ ಬೀಳುವ ದಿನ ಮುಂದಕ್ಕೆ ಹೋಗುತ್ತದೆ, ತಪ್ಪುವುದಿಲ್ಲ.

ಪಿಸಿಐ ಎಕ್ಸ್‌ಪ್ರೆಸ್ (ಕಂಪ್ಯೂಟರ್ ಒಳಗಿನ ವೇಗದ ಸೀರಿಯಲ್ ಸಂಪರ್ಕ) ಇದನ್ನು ಹೇಗೆ ಸಂಭಾಳಿಸುತ್ತದೆ ನೋಡಿ. ಅದರ ಮೊದಲ ತಲೆಮಾರುಗಳಲ್ಲಿ ಪ್ರತಿ ಬದಿಯ ಕ್ಲಾಕ್ ±300 ಪಿಪಿಎಂ (ಹತ್ತು ಲಕ್ಷಕ್ಕೆ 300 ಪಾಲು) ತಪ್ಪಬಹುದು ಎಂದು ನಿಯಮವೇ ಒಪ್ಪುತ್ತದೆ. ಎರಡು ಬದಿ ವಿರುದ್ಧ ದಿಕ್ಕಿಗೆ ತಪ್ಪಿದರೆ 600, ಅಂದರೆ ಸುಮಾರು 1666 ಸಂಕೇತಗಳಿಗೆ ಒಂದು ಸಂಕೇತದಷ್ಟು ವ್ಯತ್ಯಾಸ. ಆದ್ದರಿಂದ ಮೊದಲೆರಡು ತಲೆಮಾರುಗಳಲ್ಲಿ ಕಳುಹಿಸುವವನು 1180ರಿಂದ 1538 ಸಂಕೇತಗಳಿಗೊಮ್ಮೆ ಅರ್ಥವಿಲ್ಲದ ಸ್ಕಿಪ್ ಸಂಕೇತಗಳನ್ನು ತೂರಿಸುತ್ತಾನೆ. ಸ್ವೀಕರಿಸುವವನ ಬಫರ್ ತುಂಬುತ್ತಾ ಬಂದರೆ ಒಂದನ್ನು ಕಿತ್ತು ಹಾಕುತ್ತದೆ, ಬರಿದಾಗುತ್ತಾ ಬಂದರೆ ಒಂದನ್ನು ಸೇರಿಸುತ್ತದೆ. ಎಸೆಯಬಹುದಾದದ್ದನ್ನು ಮೊದಲೇ ಬೆರೆಸಿ ಕಳುಹಿಸಿದ್ದರಿಂದ ಫಿಫೋ ಚಿಕ್ಕದಿದ್ದರೂ ನಡೆಯುತ್ತದೆ.

ಆಳ ನಿಜವಾಗಿ ಕೊಡುವುದು ಸಮಯ. ನಮ್ಮ ಕಾಲದ ಸೀರಿಯಲ್ ಪೋರ್ಟ್‌ನಲ್ಲಿ 8250 ಚಿಪ್ ಇತ್ತು, ಬಂದ ಬೈಟ್ ಇಡಲು ಒಂದೇ ಒಂದು ಜಾಗ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಬೈಟ್‌ಗೆ ಒಂದು ಮಿಲಿಸೆಕೆಂಡ್ ಇತ್ತು, ನಡೆಯುತ್ತಿತ್ತು. 115200ಕ್ಕೆ ಏರಿಸಿದರೆ ಪ್ರೊಸೆಸರ್ 87 ಮೈಕ್ರೋಸೆಕೆಂಡ್‌ನೊಳಗೆ ಬರಬೇಕು, ತಡವಾದರೆ ಬೈಟ್ ಹೋಯಿತು. 16550 ಬಂದಾಗ 16 ಬೈಟ್ ಫಿಫೋ ಕೊಟ್ಟರು. ಮೊದಲ ಆವೃತ್ತಿಯಲ್ಲಿ ಆ ಫಿಫೋವೇ ದೋಷಪೂರಿತವಾಗಿತ್ತು! 16550ಎ ಬಂದ ಮೇಲೆಯೇ ಅದು ಉಪಯೋಗಕ್ಕೆ ಬಂದದ್ದು. 14 ಬೈಟ್ ತುಂಬಿದಾಗ ಕರೆ ಎಂದಿಟ್ಟರೆ ಪ್ರೊಸೆಸರ್‌ಗೆ ಉಳಿಯುವುದು ಎರಡು ಬೈಟ್‌ನ ಸಮಯ, 8ಕ್ಕೆ ಇಟ್ಟರೆ ಎಂಟು ಬೈಟ್‌ನ ಸಮಯ. ಚಿಪ್ ಅದೇ, ಆಳ ಅದೇ.

ಪಿಕ್ಸೆಲ್ ಪಯಣಿಗ

ಹಾಗಾದರೆ ನನಗೆ ಎಷ್ಟು ಆಳ ಬೇಕು ಎಂಬುದನ್ನು ಕ್ಲಾಕ್‌ಗಳಿಂದಲ್ಲ, ಮೆಮೊರಿ ಎಷ್ಟು ಹೊತ್ತು ಕಾಯಿಸುತ್ತದೆ ಎಂಬುದರಿಂದ ಲೆಕ್ಕ ಹಾಕಬೇಕು?

ತುಂಗಾತೀರ

ಅದೇ. ಡಿಡಿಆರ್3 ಮೆಮೊರಿ ಸರಾಸರಿ 7.8 ಮೈಕ್ರೋಸೆಕೆಂಡಿಗೊಮ್ಮೆ ರಿಫ್ರೆಶ್‌ಗೆ (ಇಟ್ಟ ದತ್ತಾಂಶ ಅಳಿಯದಂತೆ ನವೀಕರಿಸಲು) ಹೋಗುತ್ತದೆ. 4 ಗಿಗಾಬಿಟ್ ಚಿಪ್ ಆದರೆ 260 ನ್ಯಾನೋಸೆಕೆಂಡ್ ಬಾಗಿಲು ಹಾಕಿರುತ್ತದೆ. ಅಷ್ಟರಲ್ಲಿ ಬರುವುದು 20 ಪಿಕ್ಸೆಲ್, ಅದೇನೂ ದೊಡ್ಡದಲ್ಲ. ದೊಡ್ಡದು ಆರ್ಬಿಟರ್, ಅಂದರೆ ಮೆಮೊರಿ ಯಾರ ಸರದಿ ಎಂದು ತೀರ್ಮಾನಿಸುವ ಭಾಗ. ಪ್ರೊಸೆಸರ್, ಡಿಸ್‌ಪ್ಲೇ ಎಲ್ಲ ಒಂದೇ ಮೆಮೊರಿಗೆ ಮುಗಿಬಿದ್ದಾಗ ನಿಮ್ಮ ಸರದಿ 2 ಮೈಕ್ರೋಸೆಕೆಂಡ್ ತಡವಾದರೆ 149 ಪಿಕ್ಸೆಲ್ ಸೇರುತ್ತವೆ. ಬರ್ಸ್ಟ್‌ಗಾಗಿ ಕಾಯುತ್ತಿದ್ದ 80ನ್ನೂ ಕೂಡಿಸಿದರೆ 229. 256ರಲ್ಲಿ ಹಿಡಿಯುತ್ತದೆ, ಆದರೆ ಉಸಿರಾಡಲು ಜಾಗವಿಲ್ಲ. ನೀವು ಜೈಲಿಂಕ್ಸ್‌ನ ಸೆವೆನ್ ಸೀರೀಸ್ ಎಫ್‌ಪಿಜಿಎ ಬಳಸುತ್ತಿದ್ದರೆ ಅದರೊಳಗಿನ ಸಿದ್ಧ ಮೆಮೊರಿಯಾದ ಬ್ಲಾಕ್ ರ‍್ಯಾಮ್‌ನ ಅರ್ಧ ತುಂಡೇ 18 ಬಿಟ್ ಅಗಲಕ್ಕೆ 1024 ಆಳ ಕೊಡುತ್ತದೆ. 256 ಎಂದು ಬರೆದು ಉಳಿಸಿದ್ದು ಏನೂ ಇಲ್ಲ. 1024 ಇರಲಿ. ಆ ‘ತುಂಬಿದೆ’ ಸಂಕೇತವನ್ನೂ ಒಂದು ರಿಜಿಸ್ಟರ್‌ಗೆ ಕಟ್ಟಿ, ಒಮ್ಮೆ ಏರಿದರೆ ಅಳಿಸುವವರೆಗೆ ಏರಿಯೇ ಇರಲಿ. ತುಂಬಿದಾಗ ಒಂದೊಂದು ಪಿಕ್ಸೆಲ್ ಬಿಡುವುದಕ್ಕಿಂತ ಆ ಫ್ರೇಮ್ ಪೂರ್ತಿ ಕೈಬಿಡುವುದು ಲೇಸು.

ರಾತ್ರಿ ಪಾಳಿ

ತಯಾರಕರು ಕೊಡುವ ಸಿದ್ಧ ಫಿಫೋ ಇರುವಾಗ ಇದನ್ನೆಲ್ಲ ಕೈಯಿಂದ ಬರೆಯುವುದೇಕೆ ಎಂದು ಯಾರೂ ಕೇಳಲಿಲ್ಲವಲ್ಲ? ನಾನು ಕೇಳುತ್ತೇನೆ. ಅದನ್ನೇ ಹಾಕಿ. ಅವರ ಟೈಮಿಂಗ್ ನಿರ್ಬಂಧಗಳೂ ಜೊತೆಗೆ ಬರುತ್ತವೆ.

ಕೈಯಿಂದಲೇ ಬರೆಯುವುದಾದರೆ ಒಂದು ಮಾತು. ‘ಬೇರೆ ಕ್ಲಾಕ್ ತಾನೇ’ ಎಂದು ದಾಟುವ ತಂತಿಗಳಿಗೆಲ್ಲ ಫಾಲ್ಸ್ ಪಾತ್ (ಈ ದಾರಿಯ ಸಮಯ ಪರಿಶೀಲಿಸಬೇಡ ಎಂಬ ಸೂಚನೆ) ಹಾಕಿಬಿಡುತ್ತಾರೆ. ಆಮೇಲೆ ವಿನ್ಯಾಸ ಜೋಡಿಸುವ ಸಾಫ್ಟ್‌ವೇರ್ ಆ ತಂತಿಗಳನ್ನು ಊರೆಲ್ಲ ಸುತ್ತಿಸುತ್ತದೆ. ಬಿಟ್‌ಗಳ ನಡುವಿನ ತಡದ ವ್ಯತ್ಯಾಸ ಬರೆಯುವ ಕ್ಲಾಕ್‌ನ ಒಂದು ಸುತ್ತನ್ನು ಮೀರಿದರೆ ಮೊದಲು ಬದಲಾದ ಬಿಟ್ ಆಮೇಲೆ ತಲುಪುತ್ತದೆ, ಗ್ರೇ ಕೋಡ್ ಇದ್ದೂ ಇಲ್ಲದಂತೆ. ನಿಮ್ಮ ಸುತ್ತು 13.47 ನ್ಯಾನೋಸೆಕೆಂಡ್, ಅಷ್ಟು ವ್ಯತ್ಯಾಸ ಬರುವುದು ಕಷ್ಟ. 400 ಮೆಗಾಹರ್ಟ್ಸ್‌ನಲ್ಲಿ 2.5 ನ್ಯಾನೋಸೆಕೆಂಡ್, ಆಗ ಸಲೀಸಾಗಿ ಬರುತ್ತದೆ. ಗರಿಷ್ಠ ತಡದ ಮಿತಿ ಹಾಕಿ, ಫಾಲ್ಸ್ ಪಾತ್ ಬೇಡ.

ಪಿಕ್ಸೆಲ್ ಪಯಣಿಗ

ಗ್ರೇ ಪಾಯಿಂಟರ್ ಹಾಕಿದೆ, ಮಿತಿಯನ್ನೂ ಬರೆದೆ. ಹರಿತ ನಿಂತಿದೆ. ಎಲ್ಲರಿಗೂ ತುಂಬಾ ಧನ್ಯವಾದ. ಆದರೆ ಅಪರೂಪಕ್ಕೊಮ್ಮೆ ಫ್ರೇಮ್‌ನ ತೀರಾ ಮೇಲಿನ ಸಾಲಿನಲ್ಲಿ ಕೆಲವು ಪಿಕ್ಸೆಲ್ ಕೆಡುತ್ತವೆ. ಪ್ರತಿ ಫ್ರೇಮ್ ಆರಂಭದಲ್ಲಿ ಎರಡೂ ಪಾಯಿಂಟರ್‌ಗಳನ್ನು ಸೊನ್ನೆಗೆ ರೀಸೆಟ್ ಮಾಡುವ ಕ್ರಮ ಹಳೆಯ ಕೋಡ್‌ನಲ್ಲಿತ್ತು, ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ. ಅದೇ ಕಾರಣವೇ?

ಬೆಸುಗೆ ಕಡ್ಡಿ

ಅದೇ. ಒಂದೊಂದೇ ಹೆಜ್ಜೆ ಏರಿದರೆ ಮಾತ್ರ ಗ್ರೇ ಕೋಡ್‌ನಲ್ಲಿ ಒಂದೇ ಬಿಟ್ ಬದಲಾಗುವುದು. ಎಲ್ಲಿಂದಲೋ ನೇರ ಸೊನ್ನೆಗೆ ಹಾರಿಸಿದರೆ ಹಲವು ಬಿಟ್ ಒಟ್ಟಿಗೆ ಕದಲುತ್ತವೆ, ಹಳೆಯ ಕಥೆಯೇ ಮತ್ತೆ. ಸಾಲದ್ದಕ್ಕೆ ಎರಡು ಕಡೆಯ ರೀಸೆಟ್‌ಗಳು ಒಂದೇ ಗಳಿಗೆಯಲ್ಲಿ ಬಿಡುಗಡೆಯಾಗುವುದಿಲ್ಲ. ಪವರ್ ಬಂದಾಗ ಒಮ್ಮೆ ರೀಸೆಟ್ ಮಾಡಿ, ಆಯಾ ಕ್ಲಾಕ್‌ಗೆ ಹೊಂದಿಸಿ ಬಿಡಿ, ಸಾಕು. ಫ್ರೇಮ್ ಶುರು ಎಲ್ಲಿ ಎಂದು ತಿಳಿಯಲು ಪಿಕ್ಸೆಲ್ ಜೊತೆಗೇ ಒಂದು ಗುರುತಿನ ಬಿಟ್ ಕಳುಹಿಸಿ. 18 ಬಿಟ್ ಅಗಲದಲ್ಲಿ ನಿಮ್ಮ ಪಿಕ್ಸೆಲ್ 12 ಬಿಟ್ ಆದರೆ ಆರು ಬಿಟ್ ಹೇಗೂ ಸುಮ್ಮನೆ ಬಿದ್ದಿವೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. ಫ್ರೇಮ್‌ಗೆ 1280×720, ಅಂದರೆ 9,21,600 ಪಿಕ್ಸೆಲ್. 512ರಿಂದ ಭಾಗಿಸಿದರೆ ಸರಿಯಾಗಿ 1800; 2048ರಿಂದ ಭಾಗಿಸಿದರೆ 450. ಎಲ್ಲವೂ ಸರಿಯಿದ್ದರೆ ಪಾಯಿಂಟರ್ ಪ್ರತಿ ಫ್ರೇಮ್ ಕೊನೆಗೆ ತಾನಾಗಿಯೇ ಸೊನ್ನೆಗೆ ಬರುತ್ತದೆ, ರೀಸೆಟ್ ಮಾಡಲು ಅಲ್ಲಿ ಏನೂ ಇರುವುದಿಲ್ಲ. ಪಾಯಿಂಟರ್ ಹಾದಿ ತಪ್ಪಿದಾಗ ಮಾತ್ರ ಅದಕ್ಕೆ ಕೆಲಸ. ಅದನ್ನು ತೆಗೆದು ಹಾಕಿ, ಫ್ರೇಮ್ ಗುರುತು ಬಂದಾಗ ಓದುವ ಪಾಯಿಂಟರ್ ಸೊನ್ನೆಯಲ್ಲಿದೆಯೇ ಎಂದು ಒಂದು ತಾಳೆ ಇಡಿ. ಇಲ್ಲದಿದ್ದರೆ ದೀಪ ಹೊತ್ತಲಿ.